ಮರಿಗಳಿಗೆ ನಾನು ಹಾಕಿದ ಒಣಮೀನು

ನಾನು ಚಿಕ್ಕವನಿದ್ದಾಗ ನಮ್ಮ ಅಂಗಳದಲ್ಲಿ ಓಡಾಡುತ್ತಿದ್ದ ಹೇಂಟೆ ನಮ್ಮದಾಗಿರಲಿಲ್ಲ. ಅದು ಗದ್ದೆಯ ಆಚೆ ಬದಿಯ ದೊಡ್ಡಮ್ಮನದು, ನಮಗೆ ಪಾಲಿಗೆ ಬಂದದ್ದು. ಪಾಲಿಗೆ ಅಂದರೆ ಕೋಳಿ ಅವರದು, ಸಾಕುವ ಕೆಲಸ ನಮ್ಮದು. ಹೇಂಟೆ ಮೊಟ್ಟೆಯಿಟ್ಟು, ಕಾವು ಕೂತು, ಮರಿಗಳು ಸ್ವಲ್ಪ ದೊಡ್ಡವಾದ ಮೇಲೆ ಒಂದು ದಿನ ದೊಡ್ಡಮ್ಮ ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ಒಂದು ಮರಿ ಅವರು ಆರಿಸುತ್ತಾರೆ, ಒಂದು ನಾವು. ಮತ್ತೆ ಒಂದು ಅವರು, ಒಂದು ನಾವು. ಕೊನೆಗೆ ಒಂಟಿ ಮರಿ ಉಳಿದರೆ ಅದು ಹೇಂಟೆಯ ಯಜಮಾನರಿಗೆ. ಕಾಗದ ಪತ್ರ ಎಂತದೂ ಇರಲಿಲ್ಲ. ಮಾತೇ ಕಾಗದ.

ನಮ್ಮ ಮನೆ ಅಳದಂಗಡಿಯಿಂದ ಒಳಗೆ, ಗುಡ್ಡೆಯ ಬುಡದಲ್ಲಿ ಇತ್ತು. ಮನೆಯಲ್ಲಿ ಅಪ್ಪ, ಅಮ್ಮ, ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ, ಮತ್ತೆ ನಾನು. ನಾವು ಮಾತಾಡುತ್ತಿದ್ದದ್ದು ತುಳು. ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ, ನಾಲ್ಕನೇ ಕ್ಲಾಸು. ಅಕ್ಕ ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಂತಿದ್ದಳು. ಅವಳ ಹೆಸರಿಗೆ ಒಂದು ಬಳೆ ಬಿಟ್ಟರೆ ಲೋಕದಲ್ಲಿ ಬೇರೆ ಎಂತದೂ ಇರಲಿಲ್ಲ. ಹಾಗಾಗಿ ಆ ಹೇಂಟೆ ಬಂದ ದಿನ ಅಪ್ಪ, "ಪಾಲಿನಲ್ಲಿ ಸಿಕ್ಕುವ ಮರಿ ಎಲ್ಲ ನಿನ್ನದು" ಎಂದಾಗ ಅವಳು ಆ ಹೇಂಟೆಯನ್ನು ಎತ್ತಿಕೊಂಡು ಅಡಿಗೆಮನೆಯವರೆಗೂ ಹೋದಳು. ಅಮ್ಮ ಗದರಿದ ಮೇಲೆ ಹೊರಗೆ ತಂದಳು.

ಅದು ಸಣ್ಣ ಜಾತಿಯ ಊರಕೋಳಿ. ಕಪ್ಪು ಕಾಲು, ಕುತ್ತಿಗೆಯ ಸುತ್ತ ಬೆಲ್ಲದ ಬಣ್ಣ. ಹಿಂದಿನ ವರ್ಷ ನಮ್ಮ ಬದಿಗೆ ಕೋಳಿರೋಗ ಬಂದಿತ್ತು. ಕತ್ತು ತಿರುಗಿಸಿ, ಕಾಲು ಸೋತು, ಒಂದು ವಾರದಲ್ಲಿ ಐದು ಮನೆಗಳ ಗೂಡುಗಳು ಖಾಲಿಯಾಗಿದ್ದವು. ಬೆಳಿಗ್ಗೆ ಎದ್ದರೆ ಒಂದು ಹುಂಜದ ಕೂಗೂ ಇಲ್ಲ. ಉಳಿದದ್ದು ದೊಡ್ಡಮ್ಮ ತಮ್ಮ ಅಟ್ಟದಲ್ಲಿ ಬಚ್ಚಿಟ್ಟಿದ್ದ ಈ ಒಂದು ಹೇಂಟೆ. ಆಮೇಲೆ ಬೇರೆ ಊರಿಂದ ಒಂದು ಹುಂಜ ತಂದು ಜೊತೆ ಮಾಡಿದ್ದರು. ಆಗ ಐದೂ ಮನೆಯವರನ್ನು ಸೇರಿಸಿ ದೊಡ್ಡಮ್ಮನೇ ಒಂದು ಮಾತು ಕಟ್ಟಿದ್ದರು: ಇನ್ನು ಮುಂದೆ ಯಾರ ಮನೆಯಲ್ಲಾದರೂ ಕೋಳಿ ಕತ್ತು ತಿರುಗಿಸಿದರೆ, ಅದೇ ದಿನ ಆ ಮನೆಯ ಕೋಳಿಗಳೆಲ್ಲ ಹೊಂಡಕ್ಕೆ. ಒಂದನ್ನೂ ಉಳಿಸುವ ಹಾಗಿಲ್ಲ.

ಅಕ್ಕನ ಆರೈಕೆಯಲ್ಲಿ ಹನ್ನೊಂದು ಮರಿಗಳಾದವು. ನುಚ್ಚಕ್ಕಿ, ತೌಡು ಹಾಕುವುದು ಅವಳ ಕೆಲಸ. ನನ್ನ ಕೆಲಸ ಗೆದ್ದಲು ತರುವುದು. ಬರೀ ನುಚ್ಚಕ್ಕಿ ತಿಂದ ಮರಿ ಬೆಳೆಯುವುದಿಲ್ಲ, ಅದಕ್ಕೆ ಜೀವ ಇರುವ ತಿಂಡಿ ಬೇಕು ಎಂದು ನಮ್ಮ ಊರಲ್ಲಿ ಓದದವರಿಗೂ ಗೊತ್ತಿತ್ತು. ಹುತ್ತವನ್ನು ಮುಟ್ಟುವ ಹಾಗಿಲ್ಲ, ಅದು ನಾಗನ ಜಾಗ. ಅದಕ್ಕೆ ಒಂದು ಒಡಕು ಮಡಕೆಯಲ್ಲಿ ಒಣಸೆಗಣಿ, ಹಳೆ ಬೈಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕುವುದು. ಬೆಳಿಗ್ಗೆ ಎತ್ತಿದರೆ ಒಳಗೆ ಬೆಳ್ಳಗೆ ಗಿಜಿಗಿಜಿ. ಅಂಗಳದಲ್ಲಿ ಕೊಡವಿದರೆ ಸಾಕು, ಹನ್ನೊಂದು ಕೊಕ್ಕುಗಳು ಟಕಟಕ ಅಂತ ಮಳೆಹನಿಯ ಹಾಗೆ ಬೀಳುತ್ತಿದ್ದವು.

ಆದರೆ ಅದು ಏಪ್ರಿಲ್ ತಿಂಗಳು. ನೆಲ ಕಾದು ಬಿರಿದಿತ್ತು. ಗೆದ್ದಲು ತಂಪು ಹುಡುಕಿಕೊಂಡು ಆಳಕ್ಕೆ ಇಳಿದಿತ್ತು. ಒಂದು ವಾರ ನನ್ನ ಮಡಕೆ ಬರೀ ಸೆಗಣಿಯನ್ನೇ ಹೊತ್ತು ಬಂತು. ಮರಿಗಳು ಒಂದರ ಬಾಲದ ಗರಿ ಇನ್ನೊಂದು ಕೀಳತೊಡಗಿದವು. ಒಂದು ಮರಿಯ ಬೆನ್ನಲ್ಲಿ ರಕ್ತ ಬಂತು. ಅಕ್ಕ ಅದಕ್ಕೆ ಅರಿಶಿನ ಹಚ್ಚಿ, "ನಾಳೆ ದೊಡ್ಡಮ್ಮ ಪಾಲಿಗೆ ಬರುತ್ತಾರೆ. ಇವನ್ನು ನೋಡಿದರೆ ಎಂತ ಹೇಳಬಹುದು? ಇವಳಿಗೆ ಸಾಕಲಿಕ್ಕೆ ಬರುವುದಿಲ್ಲ ಅಂತ ಹೇಂಟೆಯನ್ನೂ ತೆಗೆದುಕೊಂಡು ಹೋಗುತ್ತಾರೆ" ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಗ ನನಗೆ ನಮ್ಮ ಮಾಷ್ಟ್ರ ಮಾತು ನೆನಪಾಯಿತು. ಅವರು ಕಡಲ ಬದಿಯವರು. ರಜೆ ಸಿಕ್ಕುವ ಮೊದಲು ಪಾಠ ಮಾಡುವಾಗ, "ನಮ್ಮಲ್ಲಿ ಕೋಳಿಗೆ ಒಣಮೀನು ಪುಡಿ ಮಾಡಿ ಹಾಕುತ್ತಾರೆ, ಮರಿ ಬೇಗ ಬೆಳೆಯುತ್ತದೆ" ಎಂದಿದ್ದರು. ಆಮೇಲೆ ಇನ್ನೂ ಎಂತದೋ ಹೇಳಿದ್ದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಒಣಮೀನು ನಮ್ಮಲ್ಲಿ ಇತ್ತು. ಅಪ್ಪ ಬಂಟ್ವಾಳದಿಂದ ಹೊತ್ತು ತಂದ ಬಂಗುಡೆ. ಮಳೆಗಾಲದಲ್ಲಿ ಹಸಿಮೀನು ನಮ್ಮ ಬದಿಗೆ ಬರುವುದಿಲ್ಲ, ಆಗ ಗಂಜಿಗೆ ಅದೇ ಗತಿ. ಅಡಿಕೆ ಹಾಳೆಯಲ್ಲಿ ಸುತ್ತಿ ಅಟ್ಟದಲ್ಲಿ ಕಟ್ಟಿಟ್ಟಿದ್ದರು. ಮುಟ್ಟಿದರೆ ಕೈಗೆ ಉಪ್ಪಿನ ಹರಳು ಅಂಟುತ್ತಿತ್ತು. ನಮಗೆ ಗೊತ್ತಿದ್ದ ಒಣಮೀನು ಅದೊಂದೇ. ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಚಾರ್ಮಾಡಿಗೆ ಹೋಗಿದ್ದಳು. ಅಕ್ಕ ಬಾವಿಕಟ್ಟೆಯಲ್ಲಿದ್ದಳು. ಪಾಲಿನ ದಿನ ಬೆಳಿಗ್ಗೆ ನಾನು ಅಟ್ಟ ಹತ್ತಿ ನಾಲ್ಕು ಮೀನು ಎಳೆದೆ. ಒರಳಿನಲ್ಲಿ ಕುಟ್ಟಿ, ತೌಡಿನ ಜೊತೆ ಕಲಸಿದೆ. ಗಿಡುಗದ ಭಯಕ್ಕೆ ಮರಿಗಳನ್ನು ದೊಡ್ಡ ಬುಟ್ಟಿಯ ಅಡಿಯಲ್ಲಿ ಮುಚ್ಚಿಡುತ್ತಿದ್ದೆವು. ಬುಟ್ಟಿ ಸ್ವಲ್ಪ ಎತ್ತಿ ಆ ತಿಂಡಿ ಒಳಗೆ ತಳ್ಳಿದೆ. ಅವು ಮುಗಿಬಿದ್ದವು. ಒಂದರ ಮೇಲೊಂದು ಹತ್ತಿ ತಿಂದವು. ಆ ಗಲಾಟೆಯಲ್ಲಿ ನೀರಿಟ್ಟಿದ್ದ ತೆಂಗಿನ ಗೆರಟೆ ಮಗುಚಿತು. ನೋಡಿದೆ. ಆಮೇಲೆ ತುಂಬಿಸುವ ಅಂತ ಸುಮ್ಮನಾದೆ. ತಾಯಿ ಹೇಂಟೆ ಹೊರಗೆ ಬಾವಿಯ ಹತ್ತಿರ ಕೆದಕುತ್ತಾ ಇತ್ತು.

ಬಿಸಿಲು ಏರಿದ ಮೇಲೆ ಅಕ್ಕ ಬುಟ್ಟಿ ಎತ್ತಿದಳು. ಅವಳ ಕೂಗು ಕೇಳಿ ನಾನು ಓಡಿ ಬಂದೆ.

ಬಾಲದಲ್ಲಿ ಬಿಳಿ ಗರಿಯಿದ್ದ ಮರಿ ಅಂಗಾತ ಬಿದ್ದಿತ್ತು. ಅಕ್ಕ ಎಲ್ಲಕ್ಕಿಂತ ಮೊದಲು ಆರಿಸಬೇಕೆಂದು ಕಣ್ಣಿಟ್ಟಿದ್ದ ಮರಿ ಅದು. ಇನ್ನೊಂದು ಕುಡಿದವರ ಹಾಗೆ ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಮತ್ತೊಂದು ಕತ್ತನ್ನು ಬೆನ್ನಿನ ಕಡೆಗೆ ತಿರುಗಿಸಿ ಆಕಾಶ ನೋಡುತ್ತಿತ್ತು. ಉಳಿದವು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಕೊಕ್ಕಿನ ತುದಿಯಿಂದ ನೀರಿನಂಥ ಲೋಳೆ ಇಳಿಯುತ್ತಿತ್ತು.

ಅಪ್ಪ ಗದ್ದೆಯಿಂದ ಬಂದರು. ಕತ್ತು ತಿರುಗಿದ ಮರಿಯನ್ನು ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಅದನ್ನು ನೆಲಕ್ಕಿಟ್ಟು, ಚಾವಡಿಯ ಮೂಲೆಯಿಂದ ಹಾರೆ ತೆಗೆದುಕೊಂಡರು.

"ಅಪ್ಪ, ಬೇಡ. ಸ್ವಲ್ಪ ಹೊತ್ತು ನೋಡುವ," ಅಂದಳು ಅಕ್ಕ.

"ಹೋದ ವರ್ಷವೂ ನೋಡುವ ನೋಡುವ ಅಂತಲೇ ಐದು ಮನೆ ಹೋದದ್ದು." ಅಪ್ಪ ನನ್ನ ಕಡೆ ತಿರುಗಿದರು. "ದೊಡ್ಡಮ್ಮನನ್ನು ಕರೆದುಕೊಂಡು ಬಾ. ಅವರ ಕೋಳಿ. ಅವರ ಎದುರೇ ಆಗಲಿ."

ಗದ್ದೆಯ ಅಂಚಿನಲ್ಲಿ ಓಡುವಾಗ ನನ್ನ ಕೈಯಿಂದ ಇನ್ನೂ ಒಣಮೀನಿನ ವಾಸನೆ ಬರುತ್ತಿತ್ತು. ರೋಗವೋ ಮೀನೋ ನನಗೆ ಗೊತ್ತಿರಲಿಲ್ಲ. ಹೇಳಿದರೆ ಅಟ್ಟದ ಮೀನು ಕದ್ದದ್ದು ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಶಾಲೆಯಲ್ಲಿ ಕೇಳಿದ್ದನ್ನು ಮಾಡಿ ಮರಿ ಕೊಂದ ಅಂತ ಆದರೆ ನನ್ನ ಶಾಲೆಯೂ ಅಲ್ಲಿಗೆ ಮುಗಿಯಿತು. ಸಂಬಂಧಿಕರು ಆಗಲೇ ಅಪ್ಪನನ್ನು ಕೇಳುತ್ತಿದ್ದರು, ಗದ್ದೆಗೆ ಕೈ ಸಾಲದಿರುವಾಗ ಇವನಿಗೆ ಸ್ಲೇಟು ಯಾಕೆ ಅಂತ.

ದೊಡ್ಡಮ್ಮ ಬುಟ್ಟಿ ತಯಾರು ಮಾಡಿಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಏನು ಮಾರಾಯಾ, ನಾನು ಬರುವ ಮೊದಲೇ ಕರೆಯಲಿಕ್ಕೆ ಬಂದೆಯಾ? ಕಲಿತವರ ಮನೆ ಅಂದರೆ ಹೀಗೆ ಇರಬೇಕು. ನಿನ್ನ ಅಕ್ಕ ಒಳ್ಳೆಯ ಮರಿಯನ್ನು ಎಲ್ಲಿ ಅಡಗಿಸಿ ಇಟ್ಟಿದ್ದಾಳೆ, ಮೆಲ್ಲ ಹೇಳು ನೋಡುವ" ಎಂದು ನಕ್ಕರು.

"ಮರಿಗಳಿಗೆ ಹುಷಾರಿಲ್ಲ. ಕತ್ತು ತಿರುಗಿಸ್ತಾ ಉಂಟು," ಅಂದೆ.

ಅವರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ನಗು ಮುಖದಿಂದ ಇಳಿದು ಹೋದದ್ದನ್ನು ನಾನು ನೋಡಿದೆ. ಎಲೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಇದೇ ಸಮಯ, ಈಗ ಹೇಳಬೇಕು ಎಂದುಕೊಳ್ಳುತ್ತಾ ನಾನು ಅವರ ಹಿಮ್ಮಡಿಯನ್ನೇ ನೋಡಿಕೊಂಡು ನಡೆದೆ. ಗದ್ದೆಯ ಅಂಚು ಮುಗಿಯಿತು. ನಾನು ಹೇಳಲಿಲ್ಲ.

ಮನೆ ಹತ್ತಿರವಾದಾಗ ಹಾರೆಯ ಸದ್ದು ಕೇಳಿತು. ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಕಬ್ಬಿಣದ ಹಾಗೆ ಇರುತ್ತದೆ. ಅಪ್ಪ ಹಾಕಿದ ಪ್ರತಿ ಪೆಟ್ಟೂ ಗುಡ್ಡೆಗೆ ಬಡಿದು ವಾಪಸು ಬರುತ್ತಿತ್ತು. ಹೊಂಡ ಮೊಣಕಾಲಿನಷ್ಟು ಆಗಿತ್ತು. ಅದರ ಬದಿಯಲ್ಲಿ ಬಾಳೆಲೆಯ ಮೇಲೆ ಎರಡು ಮರಿ. ಒಂದರ ಬಾಲದಲ್ಲಿ ಬಿಳಿ ಗರಿ. ಅಕ್ಕ ತಾಯಿ ಹೇಂಟೆಯನ್ನು ಎದೆಗೆ ಒತ್ತಿಕೊಂಡು ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದಳು.

"ಅತ್ತಿಗೆ, ಮರಿಗಳಿಗೆ ಮಾತ್ರ ಆದದ್ದು. ತಾಯಿ ಸರಿ ಉಂಟು," ಅಂದರು ಅಪ್ಪ. ಅವರು ಒಂದು ದಾರಿ ತೆರೆದು ಕೊಡುತ್ತಿದ್ದಾರೆ ಎಂದು ನನಗೂ ಗೊತ್ತಾಯಿತು.

ದೊಡ್ಡಮ್ಮ ಹೇಂಟೆಯನ್ನು ನೋಡಿದರು. ಅಟ್ಟದಲ್ಲಿ ಬಚ್ಚಿಟ್ಟು, ತಮ್ಮ ಗಂಜಿಯ ಅಗುಳು ಹಾಕಿ ಉಳಿಸಿದ ಹೇಂಟೆ. ಆಮೇಲೆ ಅಕ್ಕನ ಹತ್ತಿರ ಹೋಗಿ ಕೈ ಚಾಚಿದರು. "ಕೊಡು ಮಗಾ."

"ದೊಡ್ಡಮ್ಮ..."

"ಮಾತು ಕಟ್ಟಿದ್ದು ನಾನು. ಬೇರೆಯವರ ಕೋಳಿಗೆ ಒಂದು ಮಾತು, ನನ್ನ ಕೋಳಿಗೆ ಇನ್ನೊಂದು ಮಾತು ಉಂಟಾ? ಕೊಡು."

ಅಕ್ಕನ ಕೈಯಿಂದ ಹೇಂಟೆಯನ್ನು ಬಿಡಿಸಿಕೊಂಡು ಅಪ್ಪನಿಗೆ ಕೊಟ್ಟರು. ಅಪ್ಪ ಅದರ ಎರಡು ರೆಕ್ಕೆಗಳನ್ನು ಬೆನ್ನ ಮೇಲೆ ಕೂಡಿಸಿ ಹಿಡಿದರು. ಅದು ಕೂಗಲಿಲ್ಲ. ಬುಟ್ಟಿಯ ಬದಿಯಲ್ಲಿ ಬಿದ್ದಿದ್ದ ಮರಿಗಳನ್ನು ನೋಡಿ, ತಿಂಡಿ ಸಿಕ್ಕಿದಾಗ ಕರೆಯುವ ಹಾಗೆ ಕೊಕ್ ಕೊಕ್ ಅಂದಿತು. ಅಕ್ಕ ಕಂಬಕ್ಕೆ ಮುಖ ತಿರುಗಿಸಿದಳು.

"ನಾನು ಮೀನು ಹಾಕಿದೆ," ಅಂದೆ.

ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಕಿರುಚಿದೆ. "ಅಟ್ಟದ ಒಣಮೀನು! ಕುಟ್ಟಿ ಹಾಕಿದೆ! ಮಾಷ್ಟ್ರು ಹೇಳಿದ್ದು! ನೀರು ಚೆಲ್ಲಿತ್ತು, ನಾನು ತುಂಬಿಸಲಿಲ್ಲ!"

ಅಪ್ಪನ ಕೈ ಹಾಗೇ ನಿಂತಿತು. ದೊಡ್ಡಮ್ಮ ಮಾತ್ರ ನಿಲ್ಲಲಿಲ್ಲ. ಬಗ್ಗಿ ಒಂದು ಮರಿಯನ್ನು ಎತ್ತಿ ಅದರ ಕೊಕ್ಕು ಮೂಸಿದರು. ಬಾಯಿ ತೆರೆದು, ಕಿರುಬೆರಳು ಹಾಕಿ, ಅಂಟಿಕೊಂಡಿದ್ದ ತಿಂಡಿಯ ಚೂರೊಂದನ್ನು ತೆಗೆದು ತಮ್ಮ ನಾಲಗೆಯ ತುದಿಗೆ ಇಟ್ಟರು. ಮುಖ ಕಿವುಚಿ ಉಗಿದರು.

"ರೋಗವೂ ಅಲ್ಲ, ಮಣ್ಣೂ ಅಲ್ಲ. ಉಪ್ಪು! ಬಾಯಾರಿ ಸಾಯ್ತಾ ಉಂಟು ಇವು. ನೀರು ತಾ ಮಾರಾಯ್ತಿ, ಕಂಬ ಹಿಡಿದು ನಿಲ್ಲಬೇಡ!"

ಅಕ್ಕ ಕೊಡವನ್ನೇ ಎತ್ತಿಕೊಂಡು ಓಡಿ ಬಂದಳು. ಮರಿಗಳ ಎದುರು ಸುರಿಯಲು ಹೊರಟವಳ ಕೈಯನ್ನು ದೊಡ್ಡಮ್ಮ ಗಟ್ಟಿಯಾಗಿ ಹಿಡಿದರು. "ಹಾಗಲ್ಲ. ಉಪ್ಪು ತಿಂದ ಕರುವಿಗೆ ಒಮ್ಮೆಗೇ ನೀರು ಬಿಟ್ಟು ಕೊಂದವರನ್ನು ನಾನು ನೋಡಿದ್ದೇನೆ. ಮೂರು ಗುಟುಕು. ಮತ್ತೆ ಕಾಯಬೇಕು. ಮತ್ತೆ ಮೂರು."

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ದೊಡ್ಡಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಒಂದು ಎಲೆ ಜಗಿದು ಉಗಿಯುವಷ್ಟು ಹೊತ್ತು ಕಾಯುವುದು, ಅವರು ಉಗಿದ ಕೂಡಲೇ ಗೆರಟೆಯಲ್ಲಿ ನೀರು ಹಿಡಿದು ಒಂದೊಂದೇ ಮರಿಯ ಕೊಕ್ಕು ಅದ್ದುವುದು. ಅದೇ ನಮ್ಮ ಗಡಿಯಾರ. ನನ್ನನ್ನೂ ಬಿಡಲಿಲ್ಲ. "ಬಾ ಇಲ್ಲಿ, ಕಲಿತವನೇ" ಎಂದು ಕರೆದು ಒಂದು ತುಂಡು ಒಣಮೀನು ನನ್ನ ಬಾಯಿಗಿಟ್ಟರು. "ಜಗಿ. ಅವಕ್ಕೆ ನೀರು ಕೊಡುವಾಗ ನಿನಗೂ ಮೂರು ಗುಟುಕು. ಅವು ಪಡುವ ಕಷ್ಟ ಎಂತದು ಅಂತ ನಿನಗೂ ಸ್ವಲ್ಪ ಗೊತ್ತಾಗಲಿ."

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಆಮೇಲೆ ನೋಡಿಲ್ಲ. ನಾಲಗೆ ಚರ್ಮದ ತುಂಡಾಗಿತ್ತು. ಎದುರಿಗೆ ತುಂಬಿದ ಕೊಡ. ಮರಿಗಳು ಗೆರಟೆ ಕಂಡ ಕೂಡಲೇ ಕತ್ತು ಚಾಚಿ ಬೀಳುತ್ತಿದ್ದವು. ಮೂರು ಗುಟುಕಾದ ಮೇಲೆ ಎಳೆದರೆ ಚೀಂಯ್ ಎಂದು ಬೇಡುತ್ತಿದ್ದವು. ನೀರನ್ನು ಕೈಯಲ್ಲಿ ಹಿಡಿದುಕೊಂಡು ಇಲ್ಲ ಅನ್ನುವುದು ಎಷ್ಟು ಕಷ್ಟ ಎಂದು ಅಕ್ಕನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ದೊಡ್ಡಮ್ಮನ ಬಾಯಿ ನಿಧಾನವಾಗಿ ಆಡುತ್ತಿತ್ತು. ನಾವು ಆ ಬಾಯಿಯನ್ನೇ ನೋಡುತ್ತಾ ಕೂತೆವು. ನಾಲ್ಕನೇ ಎಲೆಯ ಹೊತ್ತಿಗೆ ಇನ್ನೊಂದು ಮರಿ ಅಕ್ಕನ ಮಡಿಲಲ್ಲೇ ಕಾಲು ಚಾಚಿತು. ಆರನೇ ಎಲೆಗೆ ಮತ್ತೊಂದು. ಅಪ್ಪ ಬಂದು ಎತ್ತಿಕೊಂಡು ಹೋದರು.

ಬಿಸಿಲು ಗುಡ್ಡೆಯ ಆಚೆ ವಾಲುವಾಗ ಕತ್ತು ತಿರುಗಿಸಿದ್ದ ಮರಿ ಎದ್ದು ನಿಂತಿತು. ಎರಡು ಹೆಜ್ಜೆ ಹಾಕಿ, ನನ್ನ ಕಾಲಿನ ಮೇಲೆ ಹರಿಯುತ್ತಿದ್ದ ಒಂದು ಇರುವೆಯನ್ನು ಕುಕ್ಕಿತು. ದೊಡ್ಡಮ್ಮ ಬಾಯಲ್ಲಿದ್ದದ್ದನ್ನು ಉಗಿದು, "ಸಾಕು. ನನ್ನ ಎಲೆಯೂ ಮುಗಿಯಿತು" ಎಂದರು.

ಏಳು ಉಳಿದವು. ಪಾಲು ಅದೇ ಸಂಜೆ ಆಯಿತು. ದೊಡ್ಡಮ್ಮನಿಗೆ ನಾಲ್ಕು, ಅಕ್ಕನಿಗೆ ಮೂರು. ಒಂಟಿ ಮರಿಯನ್ನು ಅವರು ಬಿಟ್ಟುಕೊಡಲಿಲ್ಲ, ಮಾತು ಮಾತೇ. ಆದರೆ ಹೇಂಟೆಯನ್ನು ಬುಟ್ಟಿಗೆ ಹಾಕಲಿಲ್ಲ. "ಇದು ಇಲ್ಲೇ ಇರಲಿ. ಇವಳು ಸಾಕಲಿ, ನೀನು ಮಾತ್ರ ಮುಟ್ಟಬೇಡ" ಎಂದು ನನ್ನ ತಲೆಗೊಂದು ಕುಟ್ಟಿ ಹೋದರು. ಅಕ್ಕ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ಬಿಳಿ ಗರಿಯ ಮರಿ ಅವಳಿಗೆ ಮತ್ತೆ ಸಿಗಲಿಲ್ಲ.

ಅಪ್ಪ ಹೊಡೆಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಆ ದೊಡ್ಡ ಹೊಂಡದ ಮೂಲೆಯಲ್ಲಿ ನಾಲ್ಕು ಮರಿಗಳನ್ನು ಮುಚ್ಚಿ, ಉಳಿದ ಜಾಗದಲ್ಲಿ ಒಂದು ಬಾಳೆಯ ಕಂದು ನೆಟ್ಟರು. ಕೈ ತೊಳೆದು ಬಂದು ನನ್ನ ಹತ್ತಿರ ಕೂತರು.

"ಮಾಷ್ಟ್ರು ಸುಳ್ಳು ಹೇಳುವವರಲ್ಲ. ನೀನು ಅರ್ಧ ಕೇಳಿ ಬಂದದ್ದು. ನಾಳೆ ಹೋಗಿ ಇನ್ನರ್ಧ ಕೇಳಿಕೊಂಡು ಬಾ."

ಅಷ್ಟೇ. ಮರುದಿನ ಮಾಷ್ಟ್ರು ಉಳಿದುಕೊಂಡಿದ್ದ ಮನೆಗೆ ನಡೆದುಕೊಂಡು ಹೋದೆ. ಅವರು ಊರಿಗೆ ಹೊರಡುವ ತಯಾರಿಯಲ್ಲಿದ್ದರು. ನನ್ನ ಕಥೆ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಕಡಲ ಬದಿಯಲ್ಲಿ ಕೋಳಿಗೆ ಹಾಕುವುದು ಉಪ್ಪು ತಾಗಿಸದೆ ದಂಡೆಯ ಹೊಯ್ಗೆಯ ಮೇಲೆ ಬಿಸಿಲಿಗೆ ಒಣಗಿಸಿದ ಬೂತಾಯಿ ಮೀನು. ಉಪ್ಪು ಹಾಕಿದ್ದು ಮನುಷ್ಯರಿಗೆ. ಆ ಬೂತಾಯಿಯನ್ನೂ ತೌಡಿನಲ್ಲಿ ಚೂರೇ ಚೂರು ಬೆರೆಸಬೇಕು, ಬದಿಯಲ್ಲಿ ನೀರು ಯಾವಾಗಲೂ ಇರಬೇಕು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದಾಗ ಹೇಳಿದ್ದು ಇದನ್ನೇ. ಜೂನಿನಲ್ಲಿ ವಾಪಸು ಬರುವಾಗ ಅವರು ಅಕ್ಕನಿಗೆಂದು ಒಂದು ಚೀಲ ಬೂತಾಯಿ ಹುಡಿ ತಂದುಕೊಟ್ಟರು. ಅಕ್ಕ ಮೊದಲು ಒಂದು ಚಿಟಿಕೆ ನಾಲಗೆಗೆ ಇಟ್ಟುಕೊಂಡಳು. ಆಮೇಲೆಯೇ ಮರಿಗಳಿಗೆ ಹಾಕಿದ್ದು.

ಇದನ್ನು ಓದುವ ಮಕ್ಕಳೇ, ಆ ಇನ್ನರ್ಧ ಕೇಳಲು ಹೋದವನು ನಾನು ಅಲ್ಲಿಗೇ ನಿಲ್ಲಲಿಲ್ಲ. ಬರಿಗಾಲಿನಲ್ಲಿ ಹೈಸ್ಕೂಲಿಗೆ ನಡೆದೆ, ಇನ್ನೊಬ್ಬರ ಮನೆಯ ಜಗಲಿಯಲ್ಲಿ ಮಲಗಿ ಕಾಲೇಜು ಓದಿದೆ. ನಮ್ಮ ಕುಟುಂಬದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದ ಮೊದಲನೆಯವನು ನಾನೇ. ಇದು ಜಂಬ ಅಂತ ಕಂಡರೆ ಕಾಣಲಿ, ಹೇಳದೆ ಇದ್ದರೆ ಅಪ್ಪನಿಗೆ ಅನ್ಯಾಯ ಆಗುತ್ತದೆ.

ಈಗ ಮೂಡುಬಿದಿರೆಯ ನಮ್ಮ ಮನೆಯ ಹಿಂದೆ ನಾಲ್ಕು ಹೇಂಟೆ, ಒಂದು ಹುಂಜ ಇವೆ. ಅಕ್ಕ ಕೊಟ್ಟದ್ದು, ಅದೇ ಕಪ್ಪು ಕಾಲು, ಅದೇ ಬೆಲ್ಲದ ಕುತ್ತಿಗೆ. ನನ್ನ ಮೊಮ್ಮಕ್ಕಳಿಗೆ ಮಡಕೆ ಬೋರಲು ಹಾಕುವ ಕೆಲಸ ಇಲ್ಲ. ಫೋನಿನಲ್ಲಿ ಒತ್ತಿದರೆ ಒಣಗಿಸಿದ ಹುಳದ ಪೊಟ್ಟಣ ಮನೆ ಬಾಗಿಲಿಗೆ ಬರುತ್ತದೆ. ಮೀನಿನ ಹುಡಿ ಬೆರೆಸಿದ ತಿಂಡಿ ಚೀಲದಲ್ಲಿ ಬರುತ್ತದೆ, ಒಳಗೆ ಏನೇನು ಎಷ್ಟೆಷ್ಟು ಉಂಟು ಎಂದು ಮೇಲೆ ಅಚ್ಚು ಹಾಕಿರುತ್ತಾರೆ. ಅವರು ಅದನ್ನು ಪೂರ್ತಿ ಓದುತ್ತಾರೆ, ಗೊತ್ತಾಗದಿದ್ದರೆ ಹುಡುಕುತ್ತಾರೆ. ನಮ್ಮ ಹಾಗೆ ಅರ್ಧ ಕೇಳಿ ಬಂದು ಕೊಲ್ಲುವ ಮಕ್ಕಳಲ್ಲ. ಆದರೂ ಹೊಸ ಚೀಲ ಬಿಚ್ಚಿದಾಗ ನಾನು ಒಂದು ಚಿಟಿಕೆ ತೆಗೆದು ನಾಲಗೆಗೆ ಇಡುತ್ತೇನೆ. ಅವರು ಬಿದ್ದು ಬಿದ್ದು ನಗುತ್ತಾರೆ. "ಅಜ್ಜ ಕೋಳಿ ತಿಂಡಿ ತಿಂತಾರೆ" ಎಂದು ಶಾಲೆಯಲ್ಲೂ ಹೇಳಿದ್ದಾರಂತೆ.

ಹೋದ ವಾರ ನನಗೆ ಜ್ವರ. ಒಳಗೆ ಮಲಗಿದ್ದೆ. ಹೊಸ ಚೀಲ ಬಂದಿತ್ತು, ಹೊರಗೆ ಕೋಳಿಗಳು ಗಲಾಟೆ ಮಾಡುತ್ತಿದ್ದವು. ಕಿಟಕಿಯಿಂದ ನೋಡಿದೆ. ಮೊಮ್ಮಗಳು ಮೊದಲು ನೀರಿನ ಪಾತ್ರೆ ತುಂಬಿಸಿದಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಆಚೆ ಈಚೆ ನೋಡಿದಳು. ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಬೆರಳಿನ ತುದಿಯಲ್ಲಿ ಒಂದು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡಳು. ಮುಖ ಕಿವುಚಿ ಉಗಿದಳು.

"ಅಜ್ಜಾ," ಎಂದು ಅಲ್ಲಿಂದಲೇ ಕೂಗಿದಳು, "ಉಪ್ಪಿಲ್ಲ. ಕೋಳಿಗೆ ಹಾಕಲಾ?"